ಧಾರೆಯಲ್ಲಿ ಹಿಡಿದ ಕೈ

ಹೊಸನಗರ
೧೨-೧-೧೯೬೬

ಅಪ್ಪಯ್ಯನಿಗೆ ಮಗಳು ಜಲಜೆಯ ನಮಸ್ಕಾರ.

ಮದುವೆಯಲ್ಲಿ ಧಾರೆಯ ತಣ್ಣೀರು ಬಿದ್ದ ಮೇಲೂ ಇವರು ನನ್ನ ಕೈ ಬಿಡದಿದ್ದಾಗ ಚಪ್ಪರದವರೆಲ್ಲ ನಕ್ಕರು, ನಾನು ನಾಚಿದೆ. ಅದು ಪ್ರೀತಿಯಲ್ಲವಂತೆ, ಕಾಯಿಲೆಯಂತೆ. ಮೊನ್ನೆ ಬೆಳಿಗ್ಗೆ ನೀರು ಸೇದುವಾಗ ಇವರ ಬೆರಳುಗಳು ಬಾವಿಹಗ್ಗಕ್ಕೆ ಕಚ್ಚಿಕೊಂಡವು. ನಾನೇ ಒಂದೊಂದಾಗಿ ಬಿಡಿಸಿದೆ.

ಶಿವಮೊಗ್ಗದ ಡಾಕ್ಟರಿಗೆ ತೋರಿಸಿದೆವು. ಮಾಂಸಖಂಡದ ಪ್ರತಿ ಜೀವಕೋಶಕ್ಕೂ ತೆಳುವಾದ ಪೊರೆ ಇದೆಯಂತೆ. ಪೊರೆಯ ವಿದ್ಯುತ್ತು ಏರಿಳಿದಂತೆ ತೆರೆದು ಮುಚ್ಚುವ ಪ್ರೋಟೀನಿನ ಬಾಗಿಲುಗಳು ಅದರಲ್ಲಿ ಇರಬೇಕಂತೆ, ಯಾರೂ ಕಣ್ಣಾರೆ ಕಂಡಿಲ್ಲವಂತೆ. ಇವರಿಗೆ ಚಳಿಯಲ್ಲಿ ಅವು ಸರಿಯಾಗಿ ಮುಚ್ಚುವುದಿಲ್ಲವೇನೋ ಎಂದರು. ನಮ್ಮ ಬೀದಿಗೇ ಇನ್ನೂ ಕರೆಂಟು ಬಂದಿಲ್ಲ, ಮೈಯೊಳಗೆ ಎಲ್ಲಿಂದ ಬಂತು? ನನಗೆ ತಲೆಬುಡ ತಿಳಿಯಲಿಲ್ಲ.

“ಮೊದ್ಲೇ ಯಾಕೆ ಹೇಳ್ಲಿಲ್ಲ?” ಎಂದು ಇವರನ್ನು ಕೇಳಿದೆ.

“ಹೇಳಿದ್ರೆ ನೀ ಬರ್ತಿದ್ಯಾ?” ಎಂದರು.

ಸಿಟ್ಟೂ ಬಂತು, ಅಳುವೂ ಬಂತು.

ಇವರ ಕಾಯಿಲೆಯ ಸುದ್ದಿ ಕೇಳಿ ನನ್ನನ್ನು ಕರೆದೊಯ್ಯಲು ನೀವು ಗಾಡಿ ಕಳಿಸುತ್ತೀರೆಂದು ನಮ್ಮೂರಿನ ಬೆಳ್ಳಪ್ಪಣ್ಣ ಬಂದು ಹೇಳಿದ. ಗಾಡಿ ಬರಲಿ. ಅದರಲ್ಲಿ ನಮ್ಮ ದೊಡ್ಡ ತಾಮ್ರದ ಹಂಡೆ ಇಟ್ಟು ಕಳಿಸಿ. ಬಿಸಿನೀರಿನಲ್ಲಿ ಅದ್ದಿದರೆ ಇವರ ಬೆರಳು ಬೇಗ ಬಿಚ್ಚುತ್ತವೆ, ಇಲ್ಲಿರುವ ಹಂಡೆ ಸಾಲದು.

ನಿಮ್ಮ ಮಗಳು,
ಜಲಜೆ