ಮೆಣಸಿನಕಾಯಿ ಮಾಳಿಗೆಯ ಫೋಟೋ

ಇಚಲಕರಂಜಿ
ರವಿವಾರ, ೯ ಅಕ್ಟೋಬರ್ ೧೯೬೬

ನನ್ನ ಭೂಪೂ,

ಜಯಜಿನೇಂದ್ರ! ಮೊದಲು ನಿನ್ನ ಅಕ್ಕನ ಎರಡೂ ಕಿವಿ ಹಿಂಡು, ಆಮೇಲೆ ಮುಂದೆ ಓದು. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಬರೆಯಲು ಕೂತಾಗಲೆಲ್ಲ ಏನಾದರೊಂದು. ಒಂದು ದಿನ ಇವರು, ನಿನ್ನ ದಾಜಿಯವರು, "ಕೊಲ್ಹಾಪುರಕ್ಕ ನೂಲಿನ ಕೆಲಸಕ್ಕ ಹೊಂಟೇನಿ, ಬರ್ತಿಯೇನು?" ಅಂದರು. ಬರ್ತಿಯೇನು ಅಂತ ಕೇಳಬೇಕೇ! ನೂಲಿನ ಕೆಲಸ ಅರ್ಧ ತಾಸಿನಲ್ಲಿ ಮುಗಿಯಿತು, ಉಳಿದ ದಿನವೆಲ್ಲ ರಂಕಾಳ ಕೆರೆಯ ದಂಡೆ, ಟಾಂಗಾ, ಭೇಳ! ಭೇಳದಲ್ಲಿ ಉಳ್ಳಾಗಡ್ಡಿ ಬೇಡ ಎಂದರು ಇವರು. ಭೇಳದ ಗಾಡಿಯವನು, "ಮಗ ಬಟಾಟಾ ಪಣ ನಕೋ ಕಾ, ಶೇಠ?" ಅಂತ ಬಟಾಟೆಯನ್ನೂ ಆರಿಸಿ ತೆಗೆದ. ಉಳಿದದ್ದು ಬರೀ ಚುರುಮುರಿ. ಅದನ್ನೇ ಇಬ್ಬರೂ ಒಂದೇ ಪೊಟ್ಟಣದಿಂದ ತಿಂದೆವು. ಅಷ್ಟು ರುಚಿಯಾದದ್ದನ್ನು ನಾನು ಜನ್ಮದಲ್ಲಿ ತಿಂದಿಲ್ಲ. ನಗಬೇಡ. ನಿನಗೂ ಮದುವೆಯಾಗುತ್ತದಲ್ಲ, ಆಗ ನೋಡುತ್ತೇನೆ.

ನನ್ನ ಕಾಗುಣಿತ ನೋಡಿಯೂ ನಗಬೇಡ. ಕೊಲ್ಹಾಪುರದ ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿಸಿದರೇ ಹೊರತು ಒತ್ತಕ್ಷರ ಯಾರೂ ಕಲಿಸಲಿಲ್ಲ. ಕನ್ನಡದಲ್ಲಿ ಬರೆಯಲು ನನಗೆ ನೀನೇ ಮಾಸ್ತರ.

ಈ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಅಂಗಳದ ಆಚೆಗೇ ಮಗ್ಗದ ಶೆಡ್ಡು, ಹಗಲೆಲ್ಲ ಖಟಾಖಟ್ ಖಟಾಖಟ್. ಬಂದ ಹೊಸದರಲ್ಲಿ ಎಲ್ಲರೂ ನನ್ನ ಮೇಲೆ ಸಿಟ್ಟಾಗಿದ್ದಾರೆ ಅಂದುಕೊಂಡು ಅತ್ತುಬಿಟ್ಟಿದ್ದೆ! ಆಮೇಲೆ ತಿಳಿಯಿತು, ಅತ್ತೆ ಪ್ರೀತಿಯಿಂದ "ಊಟಾ ಮಾಡವ್ವಾ" ಅನ್ನುವುದೂ ಹಾಗೆಯೇ. ಕರೆಂಟು ಹೋದರೆ ಮಾತ್ರ ಇಡೀ ಓಣಿಯ ದನಿ ಮೆತ್ತಗಾಗುತ್ತದೆ. ಈ ಊರಿನಲ್ಲಿ ಮನಸ್ಸಿನ ಮಾತುಗಳಿಗೆಲ್ಲ ಅದೇ ಹೊತ್ತು.

ಇಷ್ಟು ಹರಟೆ ಯಾಕೆ ಅಂದರೆ, ನಿನ್ನ ಪತ್ರದ ಮಾತಿಗೆ ಬರಲು ನನಗೆ ಹೆದರಿಕೆ. "ಅಕ್ಕಾ, ನನ್ನ ಮೈಯಾಗ ಕಸುವ ಇಲ್ಲ. ತಕ್ಕಡಿನ ಹೇಳಿತು. ದೀವಳಿಗಿ ಪಾಡ್ಯಕ್ಕ ಅಪ್ಪನ ಗಾದಿ ಮ್ಯಾಲೆ ಕುಂಡ್ರತೇನಿ" ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ಅಪ್ಪನ ಬೆಲ್ಲದ ಅಂಗಡಿಯ ಗಾದಿ ಕೆಟ್ಟದ್ದು ಅಂತ ನಾನು ಅನ್ನುವುದಿಲ್ಲ. ಅದರ ಮೇಲೇ ನಾವಿಬ್ಬರೂ ಬೆಳೆದೆವು. ಆದರೆ ಮ್ಯಾಟ್ರಿಕ್ ಮುಗಿದ ದಿನದಿಂದ ನೀನು ಅಪ್ಪಣ್ಣನ ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲೇ ಬಿದ್ದಿದ್ದೆ. ವಾಯುಸೇನೆಯಲ್ಲಿ ಫೋಟೋ ತೆಗೆಯುವವರ ಕೆಲಸ ಇದೆ ಎಂದು ಪೇಪರಿನಲ್ಲಿ ಓದಿದ ದಿನ ನೀನು ಬರೆದ ಪತ್ರ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಒಂದು ಪೂರ್ಣವಿರಾಮವೂ ಇರಲಿಲ್ಲ ಅದರಲ್ಲಿ!

ಕೊಲ್ಹಾಪುರದಲ್ಲಿ ವಾಯುಸೇನೆಯ ಭರತಿಯಲ್ಲಿ ಪರೀಕ್ಷೆ ಪಾಸಾದೆ, ಓಟ ಪಾಸಾದೆ, ಕಣ್ಣು ಪಾಸಾದವು. ತೂಕ ಎರಡೂವರೆ ಕಿಲೋ ಕಡಿಮೆ ಬಂತು. "ದೀವಳಿಗೆ ಆದ ಮೇಲೆ ಇನ್ನೊಮ್ಮೆ ಬಾ, ಹದಿನೆಂಟು ತುಂಬಿಲ್ಲ, ತಂದೆಯ ಸಹಿ ತಗೊಂಡು ಬಾ" ಅಂದರಂತೆ. ಇನ್ನೊಮ್ಮೆ ಹೋಗುವುದಿಲ್ಲ ಅನ್ನುತ್ತೀ ನೀನು.

ಭೂಪೂ, ನಿನ್ನ ಮೈಯಲ್ಲಿ ಕಸುವಿಲ್ಲ ಅನ್ನುವುದು ಸುಳ್ಳು. ಅದು ಸುಳ್ಳು ಎಂದು ನನಗೆ ಹೇಗೆ ಗೊತ್ತಾಯಿತು ಎಂದು ಹೇಳಲೋ ಬೇಡವೋ ಎಂದೇ ಪತ್ರ ತಡವಾದದ್ದು. ಈಗ ಹೇಳುತ್ತೇನೆ. ಸಿಟ್ಟಾಗುವುದಿಲ್ಲ ಎಂದು ಮೊದಲು ಮಾತು ಕೊಡು.

ಹೋದ ರವಿವಾರ ಅವ್ವ ಬಂದಿದ್ದಳು, ನಮ್ಮಿಬ್ಬರನ್ನು ಮೊದಲ ದೀವಳಿಗೆಗೆ ಕರೆಯಲು. ಶೇಂಗಾದ ಹೋಳಿಗೆ ತಂದಿದ್ದಳು. ಹೊತ್ತು ಮುಳುಗುವ ಮುಂಚೆ ಎಲ್ಲರದೂ ಊಟ ಮುಗಿಯಿತು. ನಾನೂ ಅವ್ವನೂ ಮೇಲಿನ ಕೋಣೆಯಲ್ಲಿ ಕೂತೆವು.

"ಬಡಕ ಆಗ್ಯಾನ ನಿನ್ನ ತಮ್ಮ" ಅಂದಳು.

"ಆಗದ ಏನ ಮಾಡ್ಯಾನವ್ವಾ? ದಶಲಕ್ಷಣ ಪರ್ವದ ಹತ್ತೂ ದಿನ ಒಂದ ಹೊತ್ತಿನ ಊಟದಾಗ ಇಟ್ಟಿ. ಮುಗದು ಮೂರ ದಿನಕ್ಕ ತಕ್ಕಡಿ ಹತ್ತಿದ್ರ ಮತ್ತೇನಾಗತದ!" ಎಂದು ನಕ್ಕೆ.

ಅವ್ವ ನಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ತೂಕದ ಮಾತು ನನಗ ಗೊತ್ತಿತ್ತು, ಮಂಗಲಾ. ಅವನ ಹೇಳಿದ್ದ. ಅರ್ಧ ಮೂಟಿ ಬೆಲ್ಲದಷ್ಟರ ತೂಗಬೇಕಂತವ್ವಾ ಅಂತ ನಕ್ಕೋತ ಹೇಳಿದ್ದ."

"ಮತ್ತ?"

"ಮತ್ತೇನು? ನಾ ಬ್ಯಾಡ ಅಂದೇನೇನು? ಪರ್ವದಾಗ ಏಕಾಸನ ಮಾಡು, ಒಳ್ಳೇದಾಗತೈತಿ ಅಂದೆ. ಸುಳ್ಳ ಹೇಳಿದ್ನೇನು?"

ಅವ್ವನ ಕಣ್ಣಲ್ಲಿ ನೀರಿತ್ತು, ಆದರೆ ಅಳುತ್ತಿರಲಿಲ್ಲ. ಅವಳನ್ನು ಬೈಯಲೋ ತಬ್ಬಿಕೊಳ್ಳಲೋ ತಿಳಿಯಲಿಲ್ಲ ನನಗೆ. ನೀನು ಒಳ್ಳೆಯದಾಗಲಿ ಎಂದು ಉಪವಾಸ ಮಾಡಿದೆ. ಅವಳೂ ನಿನಗೆ ಒಳ್ಳೆಯದಾಗಲಿ ಎಂದೇ ಮಾಡಿಸಿದಳು. ಒಳ್ಳೆಯದು ಅಂದರೆ ಏನು ಎನ್ನುವುದು ಮಾತ್ರ ನಿಮ್ಮಿಬ್ಬರದು ಬೇರೆ ಬೇರೆ.

ಇನ್ನೊಂದು ಕೇಳು. ಮರುದಿನ ಅವಳನ್ನು ಬಸ್ಸಿಗೆ ಹತ್ತಿಸಲು ಹೋದಾಗ ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಗಾಡಿಯ ಮುಂದೆ ನಿಂತಳು. ಒಂದು ದೊಡ್ಡ ಗೊನೆಯನ್ನೇ ಕೊಯ್ಯಿಸಿದಳು. "ಯಾರಿಗವ್ವಾ ಇಷ್ಟು?" ಅಂದೆ. ಕೇಳಿಸದವಳ ಹಾಗೆ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದಳು. ಅವು ನಿನ್ನ ತಟ್ಟೆಗೆ ಬಂದವೋ? ಬಂದಿದ್ದರೆ ಸುಮ್ಮನೆ ತಿನ್ನು. ಯಾಕೆ ಎಂದು ಕೇಳಬೇಡ.

ಈಗ ಈ ಮನೆಯ ಮಾತು. ಅಪ್ಪ ನನ್ನ ಮಾವನವರಿಗೆ ಹೇಳಿ ಕಳಿಸಿದ್ದಾರೆ, "ಮಂಗಲ ಬರೆದ್ರ ಅವ ಕೇಳತಾನ, ಮಿಲ್ಟ್ರಿ ಬಿಡು ಅಂತ ಬರೀಲಿ" ಎಂದು. ಅಂದರೆ ನಾನು ಈಗ ಬರೆಯುತ್ತಿರಬೇಕಾದದ್ದು ಆ ಪತ್ರ! ಬುಧವಾರ ಕರೆಂಟು ಹೋದಾಗ ಎಲ್ಲರೂ ಕಟ್ಟೆಯ ಮೇಲೆ ಕೂತು ನಿನ್ನದೇ ಪಂಚಾಯಿತಿ ಮಾಡಿದೆವು.

ಮಾವನವರು, "ಹುಡುಗ ಇಲ್ಲೇ ಬರಲಿ. ಎರಡ ವರ್ಷದಾಗ ಮಗ್ಗ ರಿಪೇರಿ ಮಾಡೋ ಜಾಬರ್ ಆಗತಾನ. ಮಗ್ಗ ಕೆಟ್ಟಿತಂದ್ರ ಜಾಬರ್ ಮುಂದ ಮಾಲಕನೂ ಕೈ ಮುಗೀತಾನ" ಅಂದರು.

ನಾನು ನಿನ್ನ ವಕೀಲಳಾಗಿ ನಿಂತೆ. ಅವನಿಗೆ ಮಗ್ಗ ಬೇಡ ಮಾವನವರೇ, ಕ್ಯಾಮೆರಾ ಬೇಕು, ಅವನು ಬಂದೂಕು ಮುಟ್ಟುವುದೇ ಇಲ್ಲ, ವಿಮಾನದ ಕ್ಯಾಮೆರಾಕ್ಕೆ ಫಿಲ್ಮು ಹಾಕಿ ಕಳಿಸುವುದು, ವಿಮಾನ ಇಳಿದ ಮೇಲೆ ಆ ಫಿಲ್ಮು ತೊಳೆಯುವುದು, ಅಷ್ಟೇ ಅಂದೆ.

ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ ಕೇಳಿದರು, "ತೊಳದ ಮ್ಯಾಲೆ?"

"ತೊಳದ ಮ್ಯಾಲೆ ಸಾಹೇಬರು ನೋಡತಾರಿ."

"ನೋಡಿ?"

ನಾನೂ ಅವರ ಮೊರದ ಅಕ್ಕಿಗೆ ಕೈ ಹಾಕಿದೆ.

"ನೋಡಿ ಏನ ಮಾಡತಾರ, ಮಂಗಲಾ? ಅಲ್ಲಿ ಸೇತುವಿ ಐತಿ, ಇಲ್ಲಿ ಮನಿ ಅದಾವು ಅಂತ ನೋಡಿ ಬಾಂಬ್ ಹಾಕತಾರ. ಹುಳಾ ಸಾಯಬಾರದಂತ ನೀರ ಸೋಸಿ ಕುಡಿಯೋ ಮಂದಿ ನಾವು. ಬಂದೂಕ ಹಿಡದಾಂವಗ ಪಾಪ, ಅವಗ ಜಾಗಾ ತೋರಿಸಿದಾಂವಗ ಪುಣ್ಯಾನು?"

ಮಾವನವರು ನಕ್ಕುಬಿಟ್ಟರು. "ಏ ಹೀರಾಬಾಯಿ, ಹೋದ ವರ್ಷ ಲಡಾಯಿ ಆದಾಗ ಬಾಜೂ ಮನಿ ರೇಡಿಯೋಕ್ಕ ಕಿವಿ ಹಚ್ಚಿ ಕುಂತಾಕಿ ನೀನ. ಓಣಿಗೆಲ್ಲಾ ಸಕ್ಕರಿ ಹಂಚಿದಾಕಿನೂ ನೀನ!"

"ಹೌದ್ರಿ, ಸಕ್ಕರಿ ಹಂಚೇನಿ" ಅಂದರು ಅತ್ತೆ. "ಮಗನ್ನ ಹಂಚಿಲ್ಲ."

ಭೂಪೂ, ಅತ್ತೆಯ ಆ ಪಾಪ ಪುಣ್ಯದ ಪ್ರಶ್ನೆಗೆ ಉತ್ತರ ನಿನ್ನಲ್ಲಿದೆಯೇ? ಗಡಿಯಲ್ಲಿ ಯಾರೋ ಒಬ್ಬರ ಮಗ ನಿಂತಿರುವುದರಿಂದಲೇ ನಾವಿಲ್ಲಿ ನೀರು ಸೋಸುತ್ತ ಕೂತಿದ್ದೇವೆ ಎಂದು ನನಗನ್ನಿಸುತ್ತದೆ. ಮರುಗಳಿಗೆ ನೀನು ತೊಳೆದ ಫೋಟೋದಲ್ಲಿ ಯಾವುದೋ ಮಾಳಿಗೆ, ಅದರ ಮೇಲೆ ಒಣ ಹಾಕಿದ ಯಾರದೋ ಮೆಣಸಿನಕಾಯಿ ಕಾಣಿಸುತ್ತದೆ. ಹೋಗುವುದಾದರೆ ಅತ್ತೆಯ ಪ್ರಶ್ನೆಯನ್ನು ಇಲ್ಲೇ ಬಿಟ್ಟು ಹೋಗಬೇಡ. ಜೊತೆಗೇ ಇಟ್ಟುಕೊಂಡು ಹೋಗು.

ಹೋಗುವುದಾದರೆ ಅಂದೆನಲ್ಲ. ಅಪ್ಪನ ಸಹಿ ಹೇಗೆ ಸಿಕ್ಕೀತು ಎಂದು ನೀನು ಕೇಳುತ್ತೀ. ಅದಕ್ಕೆ ನಿನ್ನ ಅಕ್ಕ ಒಂದು ಹಂಚಿಕೆ ಹಾಕಿದ್ದಾಳೆ! ಮೊದಲ ದೀವಳಿಗೆಯ ಪಾಡ್ಯದ ದಿನ ಎಣ್ಣೆನೀರಾಗಿ ಆರತಿಗೆ ಕೂತ ಅಳಿಯ ಕೇಳಿದ್ದನ್ನು ಮಾವ ಇಲ್ಲ ಅನ್ನುವ ಹಾಗಿಲ್ಲ. ನಮ್ಮ ಕಾಕಾ ಸೈಕಲ್ ಕೇಳಿದ್ದು, ಕೊಡುವವರೆಗೆ ಮಣೆ ಬಿಟ್ಟು ಏಳದೇ ಇದ್ದದ್ದು ನೆನಪಿದೆಯಲ್ಲ? ನಿನ್ನ ದಾಜಿ ಮದುವೆಯಾದ ದಿನದಿಂದ ಟ್ರಾನ್ಸಿಸ್ಟರ್ ಟ್ರಾನ್ಸಿಸ್ಟರ್ ಎಂದು ಜಪ ಮಾಡುತ್ತಿದ್ದಾರೆ. ಅದೇ ಬುಧವಾರ, ಹಿರಿಯರು ಒಳಗೆ ಹೋದ ಮೇಲೆ ನಾನು ಕೇಳಿದೆ, "ಟ್ರಾನ್ಸಿಸ್ಟರ್ ಬದ್ಲಿ ನಮ್ಮಪ್ಪನ ಸಹಿ ಕೇಳತೀರೇನು?"

ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದರು. ನಂತರ ಅಂದರು, "ನಾಳಿ ಆ ಹುಡುಗಗ ಏನರ ಆತಂದ್ರ ಆ ಮನಿಯಾಗ ಏನಂತಾರ ಗೊತ್ತೇನು? ಅಳಿಯಾ ಕೇಳಿದ, ಕೊಟ್ಟೇವು ಅಂತಾರ. ಜನ್ಮಪೂರ್ತಿ ಆ ಮಾತು ನನ್ನ ತಲಿ ಮ್ಯಾಲೆ."

ನಾನು ಅದನ್ನು ಯೋಚಿಸಿಯೇ ಇರಲಿಲ್ಲ, ಭೂಪೂ. ಹಂಚಿಕೆ ಹಾಕಿದ ಖುಷಿಯಲ್ಲೇ ಇದ್ದೆ. ಬೇಡ ಬಿಡಿ ಎನ್ನಬೇಕು ಅನ್ನುವಷ್ಟರಲ್ಲಿ ಅವರೇ ಮುಂದೆ ಅಂದರು, "ಕೇಳತೇನಿ. ಆದ್ರ ನೀ ಹೇಳಿದಿ ಅಂತಲ್ಲ. ಅವ ಬಂದು ನನ್ನ ಮಾರಿ ನೋಡಿ ಒಂದ ಸಲ ಕೇಳಲಿ. ಕೇಳಲಿಲ್ಲಂದ್ರ ನಾ ಟ್ರಾನ್ಸಿಸ್ಟರ್ ಕೇಳಾಂವ." ಅಷ್ಟರಲ್ಲಿ ಕರೆಂಟು ಬಂತು, ಮಗ್ಗಗಳು ಎದ್ದವು. ಅವರು ಕಿವಿಯ ಹತ್ತಿರ ಬಂದು ಕೂಗಿದರು, "ಟ್ರಾನ್ಸಿಸ್ಟರ್ ಹೋತಂದ್ರ ವರ್ಷಪೂರ್ತಿ ನೀನ ಹಾಡಬೇಕು!" ಶೆಡ್ಡಿನವರೆಲ್ಲ ಹೊರಳಿ ನೋಡಿದರು. ನಾನು ನಾಚಿ ಒಳಗೋಡಿದೆ.

ಆದ್ದರಿಂದ ಉಳಿದದ್ದು ನಿನ್ನ ಕೈಯಲ್ಲಿ. ಪಾಡ್ಯದ ಹಿಂದಿನ ದಿನ ಸಂಜೆಯ ಬಸ್ಸಿಗೆ ನಾವು ಗಡಹಿಂಗ್ಲಜದಲ್ಲಿ ಇಳಿಯುತ್ತೇವೆ. ಚೀಲ ಹಿಡಿಯಲು ನೀನೇ ಬಾ. ಸ್ಟ್ಯಾಂಡಿನಿಂದ ಮನೆಯವರೆಗಿನ ದಾರಿಯಲ್ಲಿ ನಾನು ಬೇಕೆಂದೇ ಹಿಂದೆ ಉಳಿಯುತ್ತೇನೆ. ಕೇಳುವುದಿದ್ದರೆ ಆಗ ಕೇಳು. ಕೇಳದಿದ್ದರೆ ಮರುದಿನ ಗಾದಿಯ ಮೇಲೆ ನೆಟ್ಟಗೆ ಕೂಡು. ನಾನೇ ನಿನಗೆ ಕುಂಕುಮ ಹಚ್ಚುತ್ತೇನೆ, ಒಂದು ಮಾತೂ ಆಡುವುದಿಲ್ಲ. ಯಾವುದಾದರೂ ಸರಿ. ಆದರೆ ತಕ್ಕಡಿ ಹೇಳಿತು, ಅವ್ವ ಮಾಡಿಸಿದಳು ಅನ್ನಬೇಡ. ನೀನೇ ಆರಿಸಿದ್ದಾಗಲಿ.

ಹೊತ್ತು ಇಳಿಯುತ್ತಿದೆ, ಅಡಿಗೆಗೆ ಹೋಗಬೇಕು. ಅಪ್ಪನಿಗೆ ನಮಸ್ಕಾರ ಹೇಳು. ಅವ್ವನ ಕಾಲು ಮುಟ್ಟು, ನಿನ್ನ ಸಲುವಾಗಿ ಒಮ್ಮೆ, ನನ್ನ ಸಲುವಾಗಿ ಒಮ್ಮೆ. ನೀನು ಎಲ್ಲಿದ್ದರೂ ಬೆಳಕು ನಿನ್ನ ಕಡೆಗಿರಲಿ, ನನ್ನ ಕಂದಾ.

ನಿನ್ನ
ಮಂಗಲಕ್ಕ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಮೆಣಸಿನಕಾಯಿ ಒಣ ಹಾಕಿದ ಮಾಳಿಗೆಯ ಮೇಲೆ ನೀನು ತೆಗೆದ ನನ್ನ ಫೋಟೋವನ್ನು ಇವರು ಕೊಲ್ಹಾಪುರದಲ್ಲಿ ದೊಡ್ಡದು ಮಾಡಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ. "ಈ ನಗು ನೋಡೇ ನಿನ್ನ ಒಪ್ಪಿದೆ" ಅನ್ನುತ್ತಾರೆ. ಅಷ್ಟು ಯಾಕೆ ನಕ್ಕಿದ್ದೆ ಎಂದು ನಿನ್ನೆ ಕೇಳಿದರು. ಖಾರದ ಘಾಟಿಗೆ ನನ್ನ ತಮ್ಮ ಸೀನಿದ ಅಂದೆ. ನೀನು ಸೀನಿದ್ದು ನಿಜ. ಆದರೆ ಅದಕ್ಕೂ ಮುಂಚೆ, "ಪ್ರೊಫೆಸರ್ ಬಾಯಾರ, ಇತ್ಲಾಗ ನೋಡ್ರಿ!" ಅಂದಿದ್ದೆಯಲ್ಲ, ನಾನು ನಕ್ಕದ್ದು ಅದಕ್ಕೆ. ನನ್ನ ಕಾಲೇಜಿನ ಅರ್ಜಿಗೆಂದು ಮೂರು ಪ್ರತಿ ತೊಳೆದಿದ್ದೆ ನೀನು. ಒಂದನ್ನು ಅಂಟಿಸಿದ ಅರ್ಜಿ ಅಪ್ಪನ ಸಹಿಗೆ ಕಾಯುತ್ತ ಕಪಾಟಿನಲ್ಲಿ ಕೂತಿತು. ಅದು ಅಲ್ಲಿರುವಾಗಲೇ ಅವ್ವ ಇನ್ನೊಂದನ್ನು ಇಚಲಕರಂಜಿಗೆ, ಇವರ ಮನೆಗೆ, ಕಳಿಸಿದ್ದಳು. ನನ್ನ ಕಾಲೇಜು ಬೇಡವೇ ಎಂದು ಅಂದೂ ಕೇಳಿದ್ದೆ. ಅಂದೂ ಅವಳು, "ನಾ ಬ್ಯಾಡ ಅಂದೇನೇನು?" ಅಂದಿದ್ದಳು. ಇವರು ತುಂಬಾ ಒಳ್ಳೆಯವರು, ನಾನು ಸುಖವಾಗಿದ್ದೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆ ನಗು ಇವರಿಗಾಗಿ ನಕ್ಕದ್ದಲ್ಲ ಎಂದು ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ. ಭಾವುಬೀಜಕ್ಕೆ ನಾನು ನಿನಗೆ ಆರತಿ ಎತ್ತಿದಾಗ ನನಗೆ ಸೀರೆ ಬೇಡ. ಮೂರನೆಯ ಪ್ರತಿ ನಿನ್ನ ಹತ್ತಿರ ಇರಬೇಕು. ಆರತಿ ತಟ್ಟೆಯಲ್ಲಿ ಅದನ್ನೇ ಹಾಕು. ಅದು ನನ್ನದು.