ಕೊನೆಯ ರೀಲು ನಾನೇ ಹೇಳುತ್ತೇನೆ

ಮನೆಯಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅತ್ತಿಗೆಯ ಸೊಂಟನೋವು ಕಡಿಮೆಯಾಯಿತೇ? ನಿನ್ನ ಶುಗರ್ ಹತೋಟಿಯಲ್ಲಿದೆ ತಾನೇ? ಸಿಹಿ ಕಂಡರೆ ಕೈ ತಡೆಯದ ನಿನ್ನ ಚಟ ಗೊತ್ತಿರುವುದರಿಂದ ಕೇಳಿದೆ. ನಾನು ಗಟ್ಟಿಮುಟ್ಟಾಗಿದ್ದೇನೆ. ಅಪ್ಪನನ್ನು ಎತ್ತಿ ಕೂರಿಸಿ ಕೂರಿಸಿ ತೋಳೆಲ್ಲ ಪೈಲ್ವಾನರ ಹಾಗಾಗಿದೆ.

ಮೂರು ತಿಂಗಳ ಹಿಂದೆ ನೀನು ಕಳಿಸಿದ ಹಳೆಯ ಸಿನಿಮಾಗಳು ಹೇಗಿವೆ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಹೇಳುತ್ತೇನೆ. ಕಣ್ಣು ಪೂರ್ತಿ ಹೋದ ಅಪ್ಪನಿಗೆ ನೋಡಲು ಸಿನಿಮಾ ಕಳಿಸಿದ ಪುಣ್ಯಾತ್ಮ ಲೋಕದಲ್ಲಿ ನೀನೊಬ್ಬನೇ ಇರಬೇಕು. ಕಣ್ಣಿನ ಆಪರೇಷನ್ ಕೆಟ್ಟಿತು ಎಂದು ನಾನು ಹೇಳಿದ್ದಕ್ಕೆ 'ಹೂಂ, ಹೂಂ' ಎಂದಿದ್ದೆ. ಕಿವಿ ಬೇರೆಲ್ಲೋ ಇತ್ತೆಂದು ಕಾಣುತ್ತದೆ. ಆದರೂ ಅಪ್ಪನಿಗೆ ಖುಷಿಯೋ ಖುಷಿ. "ನೋಡೇ, ನನ್ನ ಮಗ ನನ್ನ ಮರ್ತಿಲ್ಲ" ಎಂದು ಪೆಟ್ಟಿಗೆ ಸವರುತ್ತ ಕೂತರು. ಸ್ನಾನ ಮಾಡಿಸುವವಳು ನಾನು, ಔಷಧಿ ಅಂಗಡಿಯ ಕೆಲಸ ಬಿಟ್ಟು ಮನೆಯಲ್ಲಿ ಕೂತವಳು ನಾನು. ಹೊಟ್ಟೆ ಉರಿಯಿತು ಅಣ್ಣಾ, ಮುಚ್ಚಿಡುವುದೇನಿದೆ?

ನಿನಗೆ ನೆನಪಿರಬಹುದು, ಅಪ್ಪ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದಷ್ಟು ವರ್ಷವೂ ಯಾವ ಸಿನಿಮಾದ ಕೊನೆಯನ್ನೂ ನೆಟ್ಟಗೆ ನೋಡಲಿಲ್ಲ. ಕೊನೆಯ ರೀಲು ಓಡುವಾಗ ಪರದೆಗೆ ಬೆನ್ನು ಹಾಕಿ, ಮುಂದಿನ ಆಟಕ್ಕೆಂದು ಮುಗಿದ ರೀಲುಗಳನ್ನು ಹಿಂದಕ್ಕೆ ಸುತ್ತುತ್ತಿದ್ದರು. ಯಂತ್ರದ ಗದ್ದಲದಲ್ಲಿ ಮಾತೂ ಕೇಳುತ್ತಿರಲಿಲ್ಲ. ಈಗ ನೀನು ಕಳಿಸಿದವುಗಳಲ್ಲಿ ಅರ್ಧ ಮೂಕಿ ಚಿತ್ರಗಳು, ಉಳಿದವು ನಮಗೆ ತಿಳಿಯದ ಭಾಷೆಯವು. ನಾನು ಪಕ್ಕದಲ್ಲಿ ಕೂತು ಕಥೆ ಹೇಳಬೇಕು. "ಕೊನೇಲಿ ಏನಾಯ್ತೇ?" ಎಂದು ಅಪ್ಪ ಪ್ರಾಣ ಹಿಂಡುತ್ತಾರೆ.

ಮೊದಲನೆಯದು ಚೆನ್ನಾಗಿತ್ತು. ಮನೆ ಬಿಟ್ಟ ಮಗ ಹಡಗಿನಿಂದ ಇಳಿದು ಓಡಿ ಬಂದು ತಂದೆಯನ್ನು ಅಪ್ಪಿಕೊಳ್ಳುತ್ತಾನೆ. ಮುದುಕನ ಟೋಪಿ ಗಾಳಿಗೆ ಹಾರಿದ್ದು ಇಬ್ಬರಿಗೂ ಗೊತ್ತಾಗುವುದಿಲ್ಲ. ಅದನ್ನು ನೋಡಿ ನನಗೂ ಅಳು ಬಂತು. ಅಪ್ಪನಿಗೆ ಮಾತ್ರ, ಹಡಗಿನಿಂದ ಯಾರೂ ಇಳಿಯಲಿಲ್ಲ ಎಂದೆ. ಎರಡನೆಯದರಲ್ಲಿ ಮಗ ತಂದೆಯ ಗಡಿಯಾರ ಮಾರಿ ಕುಡಿದ ಎಂದೆ. ಅದರಲ್ಲಿ ಮಗನೇ ಇರಲಿಲ್ಲ, ಒಂದು ನಾಯಿ ಇತ್ತು.

ಪೆಟ್ಟಿಗೆಯಲ್ಲಿದ್ದ ವಿಡಿಯೋ ಗೇಮನ್ನೂ ಬಿಡಲಿಲ್ಲ. ಚಿಕ್ಕಂದಿನಲ್ಲಿ ನೀನು ಊಟ ಬಿಟ್ಟು ಆಡುತ್ತಿದ್ದೆಯಲ್ಲ, ಛತ್ರಿ ಹಿಡಿದು ಮಾಳಿಗೆಯಿಂದ ಮಾಳಿಗೆಗೆ ಹಾರುವವನ ಆಟ, ಅದೇ. ಅಪ್ಪ ಗುಂಡಿ ಒತ್ತಿ "ದಾಟಿದ್ನಾ?" ಎಂದು ಕೇಳುತ್ತಿದ್ದರು. ಒಮ್ಮೆ ನಿಜವಾಗಿಯೂ ದಾಟಿದ. ಬಿದ್ದ ಎಂದೆ. ಸದ್ದನ್ನು ಮೊದಲೇ ನಿಲ್ಲಿಸಿದ್ದೆ. "ನನ್ನ ಮಗ ಆಡ್ವಾಗ ಬೀಳ್ತಾನೇ ಇರ್ಲಿಲ್ಲ" ಎಂದು ಅಲ್ಲೂ ನಿನ್ನನ್ನೇ ಹೊಗಳಿದರು. ಆಟ ಬಲು ಸೊಗಸಾಗಿದೆ. ಅವರು ಮಲಗಿದ ಮೇಲೆ ನಾನೇ ಆಡುತ್ತೇನೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಪುಟ್ಟ ಸೊಸೆಗೆ ಒಂದು ಮುತ್ತು ಕೊಡು. ಔಷಧಿ ತಪ್ಪಿಸಬೇಡ.

ಇಂತಿ ನಿನ್ನ ಒಬ್ಬಳೇ ತಂಗಿ

ಹೇಳಲು ಮರೆತೆ: ಭಾನುವಾರ ಬಂದು, ಆಪರೇಷನ್ನಿಗೆ ಬಾರದಿದ್ದಕ್ಕೆ ಅಪ್ಪನ ಕ್ಷಮೆ ಕೇಳುತ್ತೇನೆ ಎಂದೆಯಲ್ಲ. ಧಾರಾಳವಾಗಿ ಬಾ. ಆದರೆ ನೀನು ಸತ್ತೆ ಎಂದು ಹೋದ ತಿಂಗಳೇ ಅವರಿಗೆ ಹೇಳಿಬಿಟ್ಟಿದ್ದೇನೆ. ಒಂದೆರಡು ದಿನ ಊಟ ಮುಟ್ಟಲಿಲ್ಲ. ಈಗ "ನಂಗೆ ನೀನೊಬ್ಳೇ ಕಣೇ" ಎಂದು ನನ್ನ ಕೈ ಹಿಡಿದುಕೊಂಡೇ ಮಲಗುತ್ತಾರೆ. ಇನ್ನೊಂದು ಆಘಾತವನ್ನು ಅವರ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ಎದುರಿಗೆ ಕೂತು ಕಣ್ತುಂಬ ನೋಡಿಕೊಂಡು ಹೋಗು, ನಲ್ಲಿ ರಿಪೇರಿಯವನು ಬಂದಿದ್ದಾನೆ ಎಂದು ಹೇಳುತ್ತೇನೆ. ಬಾಯಿ ಬಿಡಬೇಡ. ಕೆಮ್ಮಲೂ ಬೇಡ, ನಿನ್ನ ಕೆಮ್ಮು ಅವರಿಗೆ ಗೊತ್ತು.