ಗಟ್ಟಿಯಾಗಿ ಓದಿದ ಹೇಳಿಕೆ

ಮಾರ್ಚ್ ೧೪, ಗುರುವಾರ

ಅಷ್ಟು ಗಟ್ಟಿಯಾಗಿ ಓದಬಾರದಿತ್ತು.

ಹೆಂಡತಿ ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲಿಂದ ಜಾರಿಬಿದ್ದು ಸತ್ತಳೆಂದು ಗಂಡನೇ ಠಾಣೆಗೆ ಫೋನ್ ಮಾಡಿದ್ದ. ಒಂಬತ್ತಕ್ಕೆ ನಾನು ಹೋದಾಗ ಶವದ ಕೈಕಾಲು ಆಗಲೇ ಮರಗಟ್ಟಿದ್ದವು; ಒಂದೇ ಗಂಟೆಯಲ್ಲಿ ಹಾಗಾಗುವುದಿಲ್ಲ. ಕಣ್ಣು ಕಾಣದ ಅವನ ತಾಯಿ ನನ್ನ ಕೈ ಹಿಡಿದು ಪಿಸುಗುಟ್ಟಿದರು: “ನಿನ್ನೆ ಸಂಜೆ ಇವನು ಕೂಗಾಡ್ತಿದ್ದ ಕಣಪ್ಪ. ಆಮೇಲೆ ಅವಳ ಸದ್ದೇ ಇಲ್ಲ.”

ಬರೆದುಕೊಂಡೆ. ಬರೆದದ್ದನ್ನು ಓದಿ ಹೇಳುವುದು ಇಪ್ಪತ್ತು ವರ್ಷದ ಅಭ್ಯಾಸ. ಠಾಣೆಯ ದನಿಯಲ್ಲೇ ಓದಿದೆ. ತಲೆಯೆತ್ತಿದರೆ ಅವರ ಮಗ, ಫೋನ್ ಮಾಡಿದ್ದ ಆ ಗಂಡ, ಬಾಗಿಲಲ್ಲಿ ನಿಂತಿದ್ದ.

“ಅಮ್ಮಂಗೆ ಅರಳುಮರಳು ಸಾರ್. ಇವತ್ತಿಂದ ನಾನೇ ಪಕ್ಕದಲ್ಲಿ ಮಲಗ್ತೀನಿ.”

ಮರಣೋತ್ತರ ವರದಿ ಬರುವುದು ನಾಳೆ. ಅಲ್ಲಿಯವರೆಗೆ ಅವನನ್ನು ಮುಟ್ಟಬೇಡ ಎಂದರು ಇನ್‌ಸ್ಪೆಕ್ಟರ್.

ಈಗ ಆ ಮನೆಗೆ ಫೋನ್ ಮಾಡಿದೆ. ಮಗನೇ ಎತ್ತಿದ. “ಅಮ್ಮ ಮಲಗಿದಾರೆ ಸಾರ್, ಎಬ್ಬಿಸಲ್ಲ” ಎಂದ.

ಬಿಚ್ಚಿಟ್ಟ ಬೂಟು ಮತ್ತೆ ಹಾಕಿಕೊಂಡಿದ್ದೇನೆ. ಅಲ್ಲಿಗೆ ಹತ್ತು ನಿಮಿಷದ ದಾರಿ.